ಒಂದೇ ಕೈಯ ಮುದುಕಿ

ಕುಂಬಾರವಾಡ
೯ ಜೂನ್ ೨೦೨೪

ಮಾಲವ್ವ ಅವ್ವಾರಿಗೆ ನೀಲಂ ಮಾಡುವ ವಂದನೆಗಳು.

ಇಲ್ಲಿ ಮಳೆ ಹಿಡಿದು ಐದು ದಿನವಾಯಿತು. ಫೋನ್ ಹಚ್ಚಬೇಕೆಂದರೆ ಶಾಲೆಯ ಹಿಂದಿನ ಗುಡ್ಡ ಹತ್ತಬೇಕು, ಹತ್ತಿ ಇಳಿಯುವಷ್ಟರಲ್ಲಿ ಕಾಲ ತುಂಬ ಜಿಗಣೆ. ಅದಕ್ಕೇ ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ಅಂಕುಶನ ಕೈಗೆ ಕೊಡುತ್ತಿದ್ದೇನೆ. ದಾಂಡೇಲಿ ಸ್ಟ್ಯಾಂಡಿನಲ್ಲಿ ಯಾರಾದರೂ ಅಂಬೇವಾಡಿಯವರು ಸಿಕ್ಕರೆ ನಿಮಗೆ ಮುಟ್ಟಿಸುತ್ತಾನೆ.

ಅವ್ವಾರೆ, ಇದು ನನ್ನ ಮೂರನೇ ಮಳೆಗಾಲ. ನೀವು ಭಾನುವಾರದ ಪ್ರಾರ್ಥನಾ ಸಭೆಯಲ್ಲಿ ಎದ್ದು ನಿಂತು, ಕಣ್ಣು ಮುಚ್ಚಿ, ನನ್ನ ತಲೆಯ ಮೇಲೆ ಬಲಗೈ ಇಟ್ಟು ಹೇಳಿದ ಮಾತು ನನಗೆ ಬಾಯಿಪಾಠ. ಸಿದ್ದಲಿಂಗ ಮಾವ ಅದನ್ನು ಪ್ರವಾದನೆಯ ಪುಸ್ತಕದಲ್ಲಿ ತಾರೀಕು ಸಮೇತ ಬರೆದುಕೊಂಡಿದ್ದಾರೆ. ೨೮ ನವೆಂಬರ್ ೨೦೨೧. "ನೀಲಂ, ಕರ್ತನು ನಿನ್ನನ್ನು ಕುಂಬಾರವಾಡಕ್ಕೆ ಕಳಿಸುತ್ತಾನೆ. ಮೂರು ಮಳೆಗಾಲ ಅಲ್ಲಿರು. ಒಂದೇ ಕೈಯ ಮುದುಕಿ ನಿನಗೆ ಬಾಗಿಲು ತೆರೆಯುತ್ತಾಳೆ. ಆ ದಿನ ನಿನ್ನ ಮನೆ ನಿನಗೆ ಸಿಕ್ಕಿತೆಂದು ತಿಳಿ."

ಆ ಮುದುಕಿ ಇನ್ನೂ ಸಿಕ್ಕಿಲ್ಲ. ಊರಿನ ಒಂದು ಮನೆ ಬಿಟ್ಟಿಲ್ಲ, ಸುತ್ತಲಿನ ಕೇರಿಗಳನ್ನೂ ಬಿಟ್ಟಿಲ್ಲ. ಎರಡೂ ಕೈ ಗಟ್ಟಿ ಇರುವ ಮುದುಕಿಯರೇ ಊರ ತುಂಬ. ಒಬ್ಬನಿಗೆ ಮಾತ್ರ ಮೂರು ಬೆರಳಿಲ್ಲ, ಆದರೆ ಅವನು ಗಂಡಸು! ಹುಡುಕುತ್ತ ಹೋದಲ್ಲೆಲ್ಲ ಬರಿಗೈಲಿ ಬರಲಾಗುವುದಿಲ್ಲ. ಒಬ್ಬಳ ಪಿಂಚಣಿ ಅರ್ಜಿ ಬರೆದುಕೊಡು, ಇನ್ನೊಬ್ಬಳನ್ನು ಜೋಯಿಡಾ ಆಸ್ಪತ್ರೆಗೆ ಕರೆದುಕೊಂಡು ಹೋಗು, ಹೀಗೆ ದಿನ ಕಳೆಯುತ್ತದೆ. ಸಂಜೆ ಐದಾರು ಹೆಂಗಸರು ಬಂದು ಕೂಡುತ್ತಾರೆ, ಹಾಡುತ್ತೇವೆ.

ಹೋದ ವಾರ, ನಮ್ಮ ಸಂಜೆಯ ಹಾಡು ಸೇರದ ಮೂವರು ಗಂಡಸರು ಬಂದು ಅಂಗಳದಲ್ಲಿ ನಿಂತರು. "ನೀ ಇಲ್ಲಿ ಯಾಕ ಇದ್ದಿ? ಯಾರು ಕಳಿಸ್ಯಾರ ನಿನ್ನ?" ಎಂದು ಕೇಳಿದರು. "ದೇವರು ಕಳಿಸ್ಯಾನ್ರಿ" ಅಂದೆ. ಒಬ್ಬ ನಕ್ಕು, "ಹಂಗಾರ ದೇವರ ಚೀಟಿ ತೋರ್ಸು" ಅಂದ. ನನ್ನ ಮನೆಯೊಡತಿ ಜಾನುಬಾಯಿ ಕಸಬರಿಗೆ ಹಿಡಿದು ಹೊರಗೆ ಬಂದದ್ದಕ್ಕೆ ಹೋದರು. ಮತ್ತೆ ಬರುತ್ತೇವೆ ಎಂದಿದ್ದಾರೆ.

ಅವರ ಮುಂದೆ ಗಟ್ಟಿಯಾಗಿ ನಿಂತೆ, ಆಮೇಲೆ ಒಳಗೆ ಹೋಗಿ ಅತ್ತೆ. ನೀವು ಆ ದಿನ ಆ ಮಾತನ್ನು ಹೇಗೆ ಕೇಳಿಸಿಕೊಂಡಿರಿ ಎಂದು ಒಂದು ಸಲ ಬರೆದು ಕಳಿಸಿ. ಕಿವಿಯಲ್ಲೋ, ಮನಸ್ಸಿನಲ್ಲೋ, ಕನಸಿನಲ್ಲೋ? ಅದೇ ನನ್ನ ಚೀಟಿ. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ನೀಲಂ

*

ಅಂಬೇವಾಡಿ, ದಾಂಡೇಲಿ
೩೦ ಜೂನ್ ೨೦೨೪

ಕರ್ತನ ಸೇವೆಯಲ್ಲಿರುವ ನೀಲಂಗೆ ಮಾಲವ್ವ ಬರೆಯುವುದು.

ಪತ್ರ ಮುಟ್ಟಿತು. ಕಂಡಕ್ಟರ್ ಒಳ್ಳೆಯವನು, ಮಳೆಯಲ್ಲಿ ನೆನೆಯದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿದ್ದ.

ಇಲ್ಲಿ ಎಲ್ಲರೂ ಕ್ಷೇಮ. ನಮ್ಮವರು, ಅಂದರೆ ದ್ಯಾಮಪ್ಪನವರು, ಮಿಲ್ಲಿನಿಂದ ರಿಟೈರ್ ಆದ ಮೇಲೆ ಕೆಮ್ಮುವುದೊಂದೇ ಕೆಲಸ ಮಾಡಿಕೊಂಡಿದ್ದಾರೆ. ಹಿತ್ತಲಿನ ಆಡು ಎರಡು ಮರಿ ಹಾಕಿತು. ಸೋಮಪ್ಪ ಪಾಸ್ಟರ್ ಪ್ರಾರ್ಥನಾ ಮಂದಿರಕ್ಕೆ ಹೊಸ ಶೀಟು ಹೊದಿಸಿದರು, ಆದರೂ ನಾನು ಕೂಡುವ ಜಾಗದಲ್ಲೇ ಸೋರುತ್ತದೆ. ಸಿದ್ದಲಿಂಗನಿಗೆ ಕನ್ನಡಕ ಬದಲಾಗಿದೆ. ಸ್ಟೆಲ್ಲಾಳ ಮಗಳು ದೊಡ್ಡವಳಾದಳು. ಇಷ್ಟೇ ಸುದ್ದಿ.

ನೀನು ಕೇಳಿದ್ದಕ್ಕೆ ಏನು ಬರೆಯಲಿ? ದೇವರ ವರವನ್ನು ಬಿಡಿಸಿ ನೋಡಬಾರದು. ಕೊಟ್ಟವನು ಆತ, ಹೇಳಿದ ಬಾಯಿ ನನ್ನದು, ನಡೆಯುವ ಕಾಲು ನಿನ್ನದು. ಅಬ್ರಹಾಮನು ಹೊರಡುವಾಗ ಎಲ್ಲಿಗೆ ಎಂದು ಕೇಳಲಿಲ್ಲ. ಕೇಳಿದ್ದನ್ನೇ ಕೇಳಬೇಡ. ಆ ಮೂವರಿಗೆ ಹೆದರಬೇಡ. ಸಂಜೆ ಬಾಗಿಲ ಚಿಲಕ ಹಾಕಿಕೊಂಡಿರು.

ಮಾಲವ್ವ

*

ಕುಂಬಾರವಾಡ
೧೧ ಆಗಸ್ಟ್ ೨೦೨೪

ಅವ್ವಾರಿಗೆ ವಂದನೆಗಳು.

ಹೋದ ಮಂಗಳವಾರ ನಾನು ಬ್ಯಾಗು ಕಟ್ಟಿಕೊಂಡು ಬಸ್ ನಿಲ್ಲುವ ಕಟ್ಟೆಗೆ ಹೋಗಿ ಕೂತಿದ್ದೆ. ನಿಮಗೆ ಹೇಳದೆ ಇರಬಹುದಿತ್ತು, ಆದರೆ ನಿಮ್ಮಿಂದ ಏನನ್ನು ಮುಚ್ಚಿಟ್ಟರೂ ನಿಮಗೆ ತಿಳಿಯುತ್ತದೆ ಎಂದು ಇಡೀ ಸಭೆಯೇ ನಂಬಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಮೂವರು ಮತ್ತೆ ಬಂದಿದ್ದರು. ಈ ಸಲ ಇನ್ನಿಬ್ಬರನ್ನು ಕರೆತಂದಿದ್ದರು. ಜಾನುಬಾಯಿಗೆ, "ಈಕಿನ್ನ ಇಟ್ಕೊಂಡ್ರ ನಿನಗೂ ತ್ರಾಸ ಆಕ್ಕೈತಿ" ಎಂದು ಹೇಳಿ ಹೋದರು. ವಯಸ್ಸಾದ ಆಕೆ ನನಗಾಗಿ ಬೈಸಿಕೊಳ್ಳುವುದು ನೋಡಲಾಗಲಿಲ್ಲ. ಹಳಿಯಾಳದ ಕಡೆಯ ನಮ್ಮ ಕೇರಿಗೆ ಹೋಗಿಬಿಡೋಣ, ತಮ್ಮ ಜೋಯಲ್‌ನ ಜೊತೆ ಹೊಲಕ್ಕೆ ಹೋದರಾಯಿತು ಎಂದುಕೊಂಡೆ. ಅಲ್ಲಿ ನಾವು ಸಿದ್ದಿಗಳೇ ಹತ್ತು ಮನೆ, "ನೀ ಯಾರು" ಎಂದು ಕೇಳುವವರಿಲ್ಲ.

ಬಸ್ಸು ಬರಲಿಲ್ಲ. ದಾರಿಯಲ್ಲಿ ಮರ ಬಿದ್ದಿತ್ತಂತೆ. ಸಂಜೆಯವರೆಗೆ ಕೂತು ತಿರುಗಿ ಬಂದೆ. ಜಾನುಬಾಯಿ ತಟ್ಟೆಗೆ ಅನ್ನ ಹಾಕಿದಳು. ಮರ ಬೀಳಿಸಿದವನು ದೇವರೇ ಎಂದು ಆ ಹೊತ್ತಿಗೆ ಅನ್ನಿಸಿತು. ಮರುದಿನ ಬೆಳಿಗ್ಗೆ ಮಳೆಗಾಲದಲ್ಲಿ ಮರ ಬೀಳುವುದೇನು ಹೊಸದೇ ಎಂದೂ ಅನ್ನಿಸಿತು.

ಅವ್ವಾರೆ, ನೀವು ನನ್ನ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಅಬ್ರಹಾಮನ ಸುದ್ದಿ ಬರೆದಿರಿ. ಆಡಿನ ಮರಿಯ ಸುದ್ದಿಯನ್ನೂ ಬರೆದಿರಿ. ಒಬ್ಬರ ಸುದ್ದಿ ಮಾತ್ರ ಬರೆಯಲಿಲ್ಲ. ಅದನ್ನು ನಾನು ಕೇಳುವುದಿಲ್ಲ.

ನೀಲಂ

*

ಅಂಬೇವಾಡಿ
೨ ಸೆಪ್ಟೆಂಬರ್ ೨೦೨೪

ನೀಲಂಗೆ,

ಪೆನ್ನು ಸರಿ ಇಲ್ಲ. ಅಕ್ಷರ ಸೊಟ್ಟ ಬಂದರೆ ತಪ್ಪು ತಿಳಿಯಬೇಡ. ಹೆಚ್ಚು ಬರೆಯಲಾರೆ.

ಮೂರು ಮಳೆಗಾಲದ ಗಡುವು ತುಂಬಿತೆಂದು ಪಾಸ್ಟರ್ ನಿನ್ನ ಪ್ರವಾದನೆಯನ್ನು ಪರೀಕ್ಷೆಗೆ ಇಟ್ಟಿದ್ದಾರೆ. ನವೆಂಬರ್ ಇಪ್ಪತ್ನಾಲ್ಕು, ಭಾನುವಾರ. ಪದ್ಧತಿ ನಿನಗೆ ಗೊತ್ತು. ಸಿದ್ದಲಿಂಗ ಒಂದೊಂದು ಸಾಲು ಓದುತ್ತಾನೆ, ನೀನು ಸತ್ಯವೇದದ ಮೇಲೆ ಕೈ ಇಟ್ಟು ಹೌದು ಅಥವಾ ಅಲ್ಲ ಅನ್ನಬೇಕು. ಮಾತು ದೇವರದ್ದಲ್ಲ ಎಂದಾದರೆ ಹೇಳಿದವರ ವರ ಅಲ್ಲಿಗೆ ನಿಂತಿತು, ಅವರು ಸಭೆಯಲ್ಲಿ ಮತ್ತೆ ಬಾಯಿ ತೆರೆಯಬಾರದು.

ನಿನಗೆ ಬರಲು ಆಗದಿದ್ದರೆ ಚಿಂತೆಯಿಲ್ಲ. ಹಾದಿ ಕೆಟ್ಟಿದೆ ಎಂದು ನಾನು ಹೇಳುತ್ತೇನೆ.

ಮಾಲವ್ವ

*

ಕುಂಬಾರವಾಡ
೨೨ ಸೆಪ್ಟೆಂಬರ್ ೨೦೨೪

ಅವ್ವಾರಿಗೆ,

ನಿಮ್ಮ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಬೆರಳೆಣಿಕೆಯ ಸಾಲು, ಅದೂ ಕಾಗದ ಹರಿಯುವ ಹಾಗೆ ಒತ್ತಿ ಬರೆದ ಅಕ್ಷರ. ನಿಮಗೆ ನನ್ನ ಮೇಲೆ ಸಿಟ್ಟು ಬಂದಿದೆ. ಬ್ಯಾಗು ಕಟ್ಟಿದೆನೆಂದು ಬರೆದದ್ದು ತಪ್ಪಾಯಿತು, ಪ್ರಶ್ನೆ ಕೇಳಿದ್ದೂ ತಪ್ಪಾಯಿತು. ತಾಯಿಯಂಥವರು ನೀವು, ಕ್ಷಮಿಸಿ.

ನಾನು ಬಂದೇ ಬರುತ್ತೇನೆ. ನೀವು ಹಾದಿಯ ನೆಪ ಹೇಳಬೇಡಿ. ನನ್ನಿಂದಾಗಿ ನಿಮ್ಮ ವರಕ್ಕೆ ಕುಂದು ಬಂದರೆ ನಾನು ಹೇಗೆ ಬದುಕಲಿ? ನಿಮ್ಮ ಒಂದು ಮಾತಿಗೆ ದ್ಯಾಮಪ್ಪ ಕಾಕಾ ಕುಡಿತ ಬಿಟ್ಟರು, ಸ್ಟೆಲ್ಲಾಕ್ಕ ಬಾವಿಯ ಕಟ್ಟೆಯಿಂದ ತಿರುಗಿ ಬಂದಳು. ಇದನ್ನೆಲ್ಲ ಕಣ್ಣಾರೆ ಕಂಡವಳು ನಾನು.

ನಾನು ಏನು ಹೇಳಬೇಕೆಂದು ನಿಶ್ಚಯ ಮಾಡಿದ್ದೇನೆ. "ಕುಂಬಾರವಾಡಕ್ಕೆ ಕಳಿಸಿದ್ದು ದೇವರು" ಎಂಬ ಸಾಲಿಗೆ ಸತ್ಯವೇದದ ಮೇಲೆ ಕೈ ಇಟ್ಟು ಹೌದು ಅನ್ನುತ್ತೇನೆ. ಒಂದೇ ಕೈಯ ಮುದುಕಿಯ ಸಾಲು ಬಂದಾಗ, ಆಕೆ ಇದ್ದಾಳೆ, ನಾನೇ ಸರಿಯಾಗಿ ಹುಡುಕಲಿಲ್ಲ, ನನ್ನ ನಂಬಿಕೆಯೇ ಸಣ್ಣದು ಅನ್ನುತ್ತೇನೆ. ತಪ್ಪು ನನ್ನ ಮೇಲೆ ಬರಲಿ.

ನೀಲಂ

*

ಅಂಬೇವಾಡಿ
೩ ನವೆಂಬರ್ ೨೦೨೪

ಮಗಳೇ,

ಹಾಗೆ ಕರೆಯುವ ಬಾಯಿ ನನಗಿಲ್ಲ. ಆದರೂ ಬರೆದಿದ್ದೇನೆ.

ಆಣೆ ಮಾಡಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ಸತ್ಯವೇದದ ಮೇಲೆ ಕೈ ಇಡಬೇಡ. ನಾನು ಸುಳ್ಳು ಹೇಳಿದ್ದು ನನ್ನ ಮತ್ತು ದೇವರ ನಡುವೆ ಇತ್ತು, ಇಷ್ಟು ದಿನ ಹೇಗೋ ನುಂಗಿಕೊಂಡು ಬಂದೆ. ನೀನು ಅದಕ್ಕೆ ಆಣೆ ಇಟ್ಟು, ತಪ್ಪನ್ನು ನಿನ್ನ ತಲೆಗೆ ಕಟ್ಟಿಕೊಂಡು ನಿಲ್ಲುತ್ತೇನೆ ಎಂದು ಬರೆದ ದಿನದಿಂದ ನನಗೆ ನಿದ್ದೆಯಿಲ್ಲ.

ನಾನು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಕಿವಿಯಲ್ಲೂ ಇಲ್ಲ, ಕನಸಿನಲ್ಲೂ ಇಲ್ಲ.

ನೀನು ಕೇಳದ ಆ ಒಬ್ಬನ ಸುದ್ದಿ ಬರೆಯುತ್ತೇನೆ. ನಿಮ್ಮ ಹಾಡಿನ ತಂಡದಲ್ಲಿ ನನ್ನ ಮಗ ಬಾಳೇಶ ಢೋಲಕ್ ಬಾರಿಸುತ್ತಿದ್ದ. ಒಂದು ಗುರುವಾರ ಅವನು ಅಡಿಗೆಮನೆಗೆ ಬಂದು, "ಅವ್ವಾ, ನಾ ನೀಲಂನ ಲಗ್ನ ಆಗ್ತೇನಿ" ಎಂದ. ನಾನು ರೊಟ್ಟಿ ಬಡಿಯುತ್ತಿದ್ದೆ, ಬಡಿಯುತ್ತಲೇ ಇದ್ದೆ. ನೀನು ಸಿದ್ದಿ ಹುಡುಗಿ. ಸಭೆಯಲ್ಲಿ ನಿನ್ನನ್ನು ತಂಗಿ ಎಂದು ತಬ್ಬಿಕೊಂಡವಳು ನಾನೇ. ಸೊಸೆ ಎಂದಾಗ ಧಾರವಾಡದ ಕಡೆ ಬಿಟ್ಟು ಬಂದೆನೆಂದು ತಿಳಿದಿದ್ದ ನನ್ನ ಹಳೆಯ ಜಾತಿ ನನ್ನೊಳಗೆ ಎದ್ದು ಕೂತಿತು. ಮಗನಿಗೆ ಬೇಡ ಅನ್ನುವ ಧೈರ್ಯವಿರಲಿಲ್ಲ, ಏಕೆ ಎಂದು ಕೇಳಿದರೆ ಏನು ಹೇಳಲಿ? ಅದಕ್ಕೆ ದೇವರ ಬಾಯಿ ಕಸಿದುಕೊಂಡೆ. ದಿನಕ್ಕೊಂದೇ ಬಸ್ಸಿರುವ, ಫೋನ್ ಹತ್ತದ ಊರು ಯಾವುದೆಂದು ಮೂರು ದಿನ ಯೋಚಿಸಿದೆ. ಭಾನುವಾರ ಎದ್ದು ನಿಂತು ನಿನ್ನ ತಲೆಯ ಮೇಲೆ ಕೈ ಇಟ್ಟೆ.

ಬರೀ ಊರ ಹೆಸರು ಹೇಳಿದರೆ ಯಾರೂ ನಂಬಲಿಕ್ಕಿಲ್ಲ ಎಂದು ಮುದುಕಿಯನ್ನು ಸೇರಿಸಿದೆ. ಕಬ್ಬಿನ ಗಾಣದಲ್ಲಿ ಕೈ ಕಳೆದುಕೊಂಡ ನನ್ನ ಅವ್ವ ಕೆಂಚವ್ವ ನೆನಪಾದಳು. ಅವಳು ಯಾರು ಬಂದರೂ ಆ ಒಂದೇ ಕೈಯಿಂದ ಬಾಗಿಲು ತೆರೆಯುತ್ತಿದ್ದಳು. ಸತ್ತು ಇಪ್ಪತ್ತು ವರ್ಷವಾದ ಅವಳನ್ನು ನೀನು ಕುಂಬಾರವಾಡದ ಮನೆಮನೆಯಲ್ಲಿ ಹುಡುಕುತ್ತಿದ್ದೀ ಎಂದು ಓದುವಾಗ ನನಗೆ ಹೇಗಾಗಿರಬೇಡ?

ಬಾಳೇಶ ಅಂದಿನಿಂದ ಢೋಲಕ್ ಮುಟ್ಟಿಲ್ಲ. "ದೇವರ ಮಾತಿಗೆ ನಾ ಅಡ್ಡ ಬರೂದಿಲ್ಲ" ಎಂದು ಅಂದೇ ಬಾಯಿ ಮುಚ್ಚಿಕೊಂಡ. ಮೂರು ಕಡೆ ಹೆಣ್ಣು ತೋರಿಸಿದೆ, ಮೂರನ್ನೂ ಒಲ್ಲೆ ಎಂದ. ಪಾಳಿ ಮುಗಿಸಿ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಅವನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳಬೇಕೆಂದು ಅನ್ನಿಸಿತು.

ಇನ್ನೊಂದು ಮುಚ್ಚಿಟ್ಟೆ. ಪೆನ್ನು ಸರಿಯಾಗಿಯೇ ಇತ್ತು. ಆಗಸ್ಟ್ ತಿಂಗಳಲ್ಲಿ ನನಗೆ ಲಕ್ವ ಹೊಡೆಯಿತು. ಕಾಲು ಬಂತು, ಮಾತೂ ಬಂತು, ಬಲಗೈ ಬರಲಿಲ್ಲ. ಎಡಗೈಯಿಂದ ಬರೆಯುತ್ತಿದ್ದೇನೆ, ಈ ಪತ್ರಕ್ಕೆ ನಾಲ್ಕು ದಿನ ಹಿಡಿಯಿತು. ದೇವರ ಮನುಷ್ಯನ ವಿರುದ್ಧ ಕೈ ಚಾಚಿದ ಅರಸ ಯಾರೊಬ್ಬಾಮನ ಕೈ ಒಣಗಿಹೋದ ಕಥೆ ನಿನಗೆ ಗೊತ್ತಲ್ಲ. ಡಾಕ್ಟರ್ ಬಿ.ಪಿ. ಅಂದರು. ನನಗೆ ಗೊತ್ತು, ಇದು ನಿನ್ನ ತಲೆಯ ಮೇಲೆ ಇಟ್ಟ ಕೈ.

ಇಪ್ಪತ್ನಾಲ್ಕರ ಭಾನುವಾರ ನಾನೇ ಎದ್ದು ಎಲ್ಲವನ್ನೂ ಹೇಳುತ್ತೇನೆ. ನೀನು ಬರಬೇಕಾಗಿಲ್ಲ. ಎಲ್ಲಿಗಾದರೂ ಹೋಗು, ನೀನು ಸ್ವತಂತ್ರಳು.

ಮಾಲವ್ವ

*

ಕುಂಬಾರವಾಡ
೧೦ ನವೆಂಬರ್ ೨೦೨೪

ಮಾಲವ್ವನವರಿಗೆ,

ಮೂರು ವರ್ಷ.

ನನಗೆ ಬಾಳೇಶ ಬೇಕಾಗಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ, ಅವನಿಗೂ ಪೂರ್ತಿ ಹೇಳಿರಲಿಲ್ಲ. ನೀವು ತಲೆಯ ಮೇಲೆ ಕೈ ಇಟ್ಟಾಗ, ದೇವರು ಅವನನ್ನೇ ಕೇಳುತ್ತಿದ್ದಾನೆ, ಕೊಡಬೇಕು ಎಂದುಕೊಂಡು ಕೊಟ್ಟೆ. ದೇವರು ಕೇಳಿಯೇ ಇರಲಿಲ್ಲ!

ನಿಮ್ಮ ಕಾಯಿಲೆಯನ್ನು ನನ್ನ ಕಡೆಗೆ ಶಿಕ್ಷೆಯೆಂದು ತಳ್ಳಬೇಡಿ. ಔಷಧ ತಗೊಳ್ಳಿ.

ನೀವು ಬಹಳ ಬರೆದಿರಿ, ಒಂದು ಬಿಟ್ಟಿರಿ. ಅದನ್ನು ನಾನು ಬರೆಯುತ್ತೇನೆ. ಹಾಡಿನ ಅಭ್ಯಾಸಕ್ಕೆಂದು ಎಂಟು ವರ್ಷ ನಿಮ್ಮ ಮನೆಗೆ ಬಂದೆ. ಎಂಟು ವರ್ಷವೂ ಹೊರಗಿನ ಕಟ್ಟೆಯ ಮೇಲೆ ಕೂತೆ. ಬೇರೆಯವರು ಒಳಗೆ ಹೋಗುತ್ತಿದ್ದರು. ನನಗೆ ಚಹಾ ಕಿಟಕಿಯಲ್ಲಿ ಬರುತ್ತಿತ್ತು, ಅಂಚು ಜಜ್ಜಿದ ಒಂದೇ ಲೋಟದಲ್ಲಿ, ಆ ಲೋಟ ಕಿಟಕಿಯಲ್ಲೇ ಇರುತ್ತಿತ್ತು. ನನಗೆ ಗೊತ್ತಾಗಿರಲಿಲ್ಲ ಎಂದು ತಿಳಿದಿದ್ದಿರೇನು? ಗೊತ್ತಿತ್ತು. ದೇವರ ಬಾಯಿ ಇಷ್ಟು ದೊಡ್ಡದಿರುವವರ ಮನೆಯಲ್ಲಿ ಲೋಟದ ಲೆಕ್ಕ ಯಾಕೆ ಎಂದು ನುಂಗಿಕೊಂಡಿದ್ದೆ.

ಇಪ್ಪತ್ನಾಲ್ಕಕ್ಕೆ ಬರುತ್ತೇನೆ. ಸಭೆಗಿಂತ ಮೊದಲು ನಿಮ್ಮ ಮನೆಗೆ ಬರುತ್ತೇನೆ. ಏನು ಮಾಡುತ್ತೇನೋ ನನಗೇ ತಿಳಿಯದು. ಅಷ್ಟರೊಳಗೆ ಬಾಳೇಶನಿಗೆ ಹೇಳಿರಿ. ನನ್ನ ಬಾಯಿಂದ ಅವನು ಕೇಳಬಾರದು.

ನೀಲಂ

*

ಅಂಬೇವಾಡಿ
೧೮ ನವೆಂಬರ್ ೨೦೨೪

ನೀಲಂ,

ಹೇಳಿದೆ. ಅವನು ಎದ್ದು ಕಿಟಕಿಯ ಲೋಟ ತೆಗೆದುಕೊಂಡು ಹೋಗಿ ಹಿತ್ತಲಿನಲ್ಲಿ ಕಲ್ಲಿನಿಂದ ಜಜ್ಜಿದ. ನಾನು ತಡೆಯಲಿಲ್ಲ. ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಬಾ.

ಮಾಲವ್ವ

*

ಕುಂಬಾರವಾಡ
೧ ಡಿಸೆಂಬರ್ ೨೦೨೪

ಅವ್ವಾರಿಗೆ ನೀಲಂ ಮಾಡುವ ವಂದನೆಗಳು.

ಹೋದ ಭಾನುವಾರ ನಡೆದದ್ದಕ್ಕೆ ನೀವೂ ಸಾಕ್ಷಿ. ಆದರೆ ನೀವು ಬಾಗಿಲ ಆ ಕಡೆ ಇದ್ದಿರಿ, ನಾನು ಈ ಕಡೆ ಇದ್ದೆ. ಈ ಕಡೆಯದನ್ನು ನಿಮಗೆ ಹೇಳಬೇಕು.

ಶನಿವಾರದ ಬಸ್ಸಿಗೆ ದಾಂಡೇಲಿಗೆ ಬಂದು ಸ್ಟೆಲ್ಲಾಕ್ಕನ ಮನೆಯಲ್ಲಿ ಇದ್ದೆ. ಬೆಳಿಗ್ಗೆ ನಿಮ್ಮ ಕಟ್ಟೆ ಹತ್ತುವಾಗ ಏನೇನು ಬೈಯಬೇಕೆಂದು ಸಾಲಾಗಿ ಜೋಡಿಸಿಕೊಂಡಿದ್ದೆ. ಬಾಗಿಲು ಬಡಿದೆ. ಒಳಗೆ ಕಾಲೆಳೆಯುವ ಸದ್ದು ಬಂತು. ಚಿಲಕ ಮೇಲಿತ್ತು, ನಿಮ್ಮ ಎಡಗೈ ಅದಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. ಚಿಲಕ ಅಲುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅಲುಗುತ್ತಿತ್ತು. ನೀವು ಏದುಸಿರು ಬಿಡುತ್ತ, "ನಿಂದರು, ತಗೀತೇನಿ, ಹೋಗಬ್ಯಾಡ" ಎಂದಿರಿ. ಬಾಗಿಲು ತೆರೆಯಿತು. ಒಂದು ಕೈ ಜೋತುಬಿದ್ದಿತ್ತು, ಇನ್ನೊಂದು ಕೈ ಬಾಗಿಲ ಮೇಲಿತ್ತು. "ಒಳಗ ಬಾ. ಒಳಗ, ಅಡಗಿಮನಿಗೆ ಬಾ" ಎಂದಿರಿ.

ಜೋಡಿಸಿಕೊಂಡ ಬೈಗುಳವೆಲ್ಲ ಹೊರಗೇ ಉಳಿಯಿತು. ನಾನು ಸುಮ್ಮನೆ ನಿಂತದ್ದು ಸಿಟ್ಟಿಗೆ ಎಂದು ನೀವು ತಿಳಿದಿರಿ, ಅತ್ತಿರಿ. ಸಿಟ್ಟಿಗಲ್ಲ. ಮೂರು ಮಳೆಗಾಲ ಯಾವ ಮುದುಕಿಯನ್ನು ಹುಡುಕಿ ಕಾಲು ಸವೆಸಿಕೊಂಡೆನೋ ಆಕೆ ನನ್ನ ಎದುರಿಗೆ ನಿಂತಿದ್ದಳು. ಆಮೇಲೆ ನೀವು ಚಹಾ ಮಾಡಿದಿರಿ, ನಾನು ಸೋಸುವ ಜಾಲರಿ ಹಿಡಿದೆ. ಮನೆಯವರ ಲೋಟದಲ್ಲಿ ಕುಡಿದೆವು.

ಸಭೆಯಲ್ಲಿ ನೀವು ಎದ್ದು, "ಅದು ದೇವರ ಮಾತಲ್ಲ, ನನ್ನ ಜಾತಿ ಸೊಕ್ಕು" ಎಂದು ಹೇಳಿದಾಗ ಸಿದ್ದಲಿಂಗ ಮಾವನ ಪೆನ್ನು ನಿಂತೇಬಿಟ್ಟಿತು. ನನ್ನನ್ನು ಕೇಳಿದರು. "ಅವ್ವಾರು ಹೇಳಿದ್ದು ಖರೇ ಐತ್ರಿ, ಬರೀರಿ" ಅಂದೆ. ಕೊನೆಗೆ ಮಾವ ಕನ್ನಡಕ ಸರಿಮಾಡಿಕೊಂಡು, "ಒಂದೇ ಕೈಯ ಮುದುಕಿ ಬಾಗಿಲು ತೆರೆದಳೇನವ್ವಾ?" ಎಂದು ಓದಿದರು. ನೀವು ತಲೆ ತಗ್ಗಿಸಿದ್ದಿರಿ, ನಿಮಗೆ ಹೊಳೆದಿರಲಿಲ್ಲ. ನಾನು, "ಅದೊಂದು ಸಾಲು ಖಾಲಿ ಬಿಡ್ರಿ ಮಾವಾ" ಅಂದೆ. ಬಿಟ್ಟಿದ್ದಾರೆ.

ಈಗ ಹೊಳೆಯಿತಲ್ಲ? ಹೊಳೆದರೂ, ಹಾಗಾದರೆ ನನ್ನ ಮಾತು ದೇವರದ್ದೇ ಆಗಿತ್ತು ಎಂದು ಸಭೆಯಲ್ಲಿ ಎದ್ದು ನಿಂತೀರಿ ಜೋಕೆ! ಅಂದೇ ಬಸ್ಸು ಹತ್ತಿ ಬಂದು ಜಗಳ ತೆಗೆಯುತ್ತೇನೆ. ಬಿಳಾಮನ ಕತ್ತೆಯ ಬಾಯಲ್ಲೂ ದೇವರು ಮಾತಾಡಿದನೆಂದು ನನಗೂ ಗೊತ್ತು. ಆದರೆ ಆ ಕತ್ತೆ ಸುಳ್ಳು ಹೇಳಿರಲಿಲ್ಲ. ನಿಮ್ಮ ಸುಳ್ಳು ಸುಳ್ಳಾಗಿಯೇ ಇರಲಿ. ಆ ಬಾಗಿಲು ನನಗೆ ಏನೆಂದು ನಾನು ಇನ್ನೂ ತಿಳಿದುಕೊಳ್ಳಬೇಕು. ನಿಮ್ಮನ್ನು ಪೂರ್ತಿ ಕ್ಷಮಿಸಿದ್ದೇನೆಂದೂ ಹೇಳಲಾರೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ.

ಅಂದೇ ಸಂಜೆ ಏಕೆ ತಿರುಗಿ ಹೋದೆ ಎಂದು ಬಾಳೇಶ ಕೇಳಿದ್ದಾನೆಂದು ಸ್ಟೆಲ್ಲಾಕ್ಕ ಬರೆದಿದ್ದಾಳೆ. ಮರುದಿನ ಜಾನುಬಾಯಿಯನ್ನು ಕಣ್ಣಿನ ಆಪರೇಷನ್ನಿಗೆ ಹೆಸರು ಹಚ್ಚಿಸಲು ಜೋಯಿಡಾಕ್ಕೆ ಕರೆದೊಯ್ಯಬೇಕಿತ್ತು. ನಾನಿಲ್ಲದೆ ಆಕೆ ಬಸ್ಸು ಹತ್ತುವುದಿಲ್ಲ. ಮೊನ್ನೆ ಆ ಮೂವರು ಮತ್ತೆ ಬಂದರು. "ಯಾರು ಕಳಿಸ್ಯಾರ ನಿನ್ನ?" ಅದೇ ಪ್ರಶ್ನೆ. "ಯಾರೂ ಕಳಿಸಿಲ್ರಿ. ನಾನಽ ಇದ್ದೇನಿ" ಅಂದೆ. ಒಳಗೆ ಹೋಗಿ ಅಳಲಿಲ್ಲ. ಹಿಂದಿನ ಕೇರಿಯ ನಾಲ್ವರು ಹೆಂಗಸರು ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು. ನಿಮ್ಮ ಮುದುಕಿಯನ್ನು ಹುಡುಕುತ್ತ ಹೋಗಿ ಪರಿಚಯವಾದವರೇ ಅವರೆಲ್ಲ.

ಬಾಳೇಶ ಇಲ್ಲಿಗೆ ಬಂದು ಊರು ನೋಡಲಿ, ಕೆಲಸ ನೋಡಲಿ, ಜಿಗಣೆ ಕಚ್ಚಿಸಿಕೊಳ್ಳಲಿ. ಆಮೇಲೆ ಏನು ಕೇಳುವುದಿದೆಯೋ ಕೇಳಲಿ, ನಾನು ಉತ್ತರ ಕೊಡುತ್ತೇನೆ. ಢೋಲಕ್ ತರುವುದನ್ನು ಮರೆಯಬಾರದು, ಇಲ್ಲಿ ಹೆಂಗಸರು ಚಪ್ಪಾಳೆಯಲ್ಲೇ ಹಾಡು ಸಾಗಿಸುತ್ತಿದ್ದಾರೆ.

ಮುಂದಿನ ಶನಿವಾರ ನೀವು ಸ್ಟ್ಯಾಂಡಿಗೆ ಬಂದು ಅವನನ್ನು ಅಂಕುಶನ ಬಸ್ಸಿಗೆ ಹತ್ತಿಸಿರಿ. ದೇವರ ಹೆಸರು ಹೇಳಬೇಡಿ. ನಾನೇ ಕಳಿಸುತ್ತಿದ್ದೇನೆ ಎಂದು ಹೇಳಿ ಕಳಿಸಿರಿ.

ನಿಮ್ಮ ನೀಲಂ